ಅರಿವಳಿಕೆಯಲ್ಲಿ ಕುದುರೆಯ ಗುಂಡಿಗೆ ನಿಂತರೆ?

ಎದೆ ಒತ್ತಿ ಜೀವ ಉಳಿಸುವ ಬಗೆಯನ್ನು ತರಗತಿಯಲ್ಲಿ ದಿಂಬಿನ ಮೇಲೆ ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಕುದುರಿದು ಗುಂಡಿಗಿ ನಿಂತ್ರ ಏನ್ ಮಾಡ್ತಾರ್ರೀ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹುಬ್ಬಳ್ಳಿಯಲ್ಲಿ ಟಾಂಗಾ ಓಡುತ್ತಿದ್ದ ಕಾಲದಲ್ಲಿ, ಡಾಂಬರಿನ ಮೇಲೆ ಜಾರಿ ಬಿದ್ದ ಕುದುರೆಯನ್ನು ಆರೇಳು ಜನ ಸೇರಿ ಎಬ್ಬಿಸಿದ್ದನ್ನು ಕಂಡವನು ನಾನು. ಅದು ಎದ್ದು ನಿಲ್ಲುವವರೆಗೆ ಟಾಂಗಾದವನ ಮುಖ ನೋಡಲಾಗುತ್ತಿರಲಿಲ್ಲ.

ಸುಮಾರು 500 ಕಿಲೋ ತೂಗುವ ಕುದುರೆ ನಿಂತೇ ಬದುಕುವ ಪ್ರಾಣಿ. ಶಸ್ತ್ರಚಿಕಿತ್ಸೆಗೆಂದು ಅದನ್ನು ಅಂಗಾತ ಮಲಗಿಸಿದರೆ ಹೊಟ್ಟೆಯ ಕರುಳಿನ ಭಾರವೆಲ್ಲ ವಪೆಯನ್ನು ತಳ್ಳಿ ಶ್ವಾಸಕೋಶವನ್ನು ಅದುಮುತ್ತದೆ. ರಕ್ತ ಗುರುತ್ವದಿಂದ ಕೆಳಭಾಗಕ್ಕೆ ಇಳಿಯುತ್ತದೆ, ಗಾಳಿ ಮೇಲ್ಭಾಗದಲ್ಲಿ ಉಳಿಯುತ್ತದೆ. ಗಾಳಿ ಇದ್ದಲ್ಲಿ ರಕ್ತವಿಲ್ಲ, ರಕ್ತವಿದ್ದಲ್ಲಿ ಗಾಳಿಯಿಲ್ಲ! ಜೊತೆಗೆ ಅರಿವಳಿಕೆಯ ಔಷಧಿ ರಕ್ತದೊತ್ತಡವನ್ನೂ ಇಳಿಸುತ್ತದೆ. 2002ರಲ್ಲಿ ಪ್ರಕಟವಾದ, 40 ಸಾವಿರಕ್ಕೂ ಹೆಚ್ಚು ಪ್ರಕರಣಗಳ ಸಮೀಕ್ಷೆಯಲ್ಲಿ, ಹೊಟ್ಟೆಶೂಲೆಯವನ್ನು ಬಿಟ್ಟು ಉಳಿದ ಕುದುರೆಗಳಲ್ಲೂ ನೂರಕ್ಕೆ ಸುಮಾರು ಒಂದು ಏಳು ದಿನದೊಳಗೆ ಸತ್ತಿತ್ತು. ಆ ಸಾವುಗಳಲ್ಲಿ ಮೂರರಲ್ಲೊಂದು ಪಾಲು ಹೃದಯ ಮತ್ತು ರಕ್ತಪರಿಚಲನೆ ಕುಸಿದದ್ದರಿಂದ.

ಆದ್ದರಿಂದ ವೈದ್ಯರು ಮೊದಲು ನೋಡುವುದು ಒಸಡನ್ನು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ನಿಮ್ಮ ಉಗುರನ್ನು ಒತ್ತಿ ನೋಡಿ, ಅದೇ ತತ್ವ. ದವಡೆಯ ಕೆಳಗಿನ ನಾಡಿಯ ಮೇಲೂ ಒಂದು ಬೆರಳು ಇದ್ದೇ ಇರುತ್ತದೆ. ಕುದುರೆಯ ಗುಂಡಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಸಲ ಮಾತ್ರ ಬಡಿಯುವುದರಿಂದ, ನಾಡಿ ತಪ್ಪಿತೆಂದು ತಿಳಿಯುವುದಕ್ಕೇ ಗಮನ ಬೇಕು.

ತಪ್ಪಿತೆನ್ನೋಣ. ಕೂಡಲೇ ಅರಿವಳಿಕೆಯ ಆವಿ ನಿಲ್ಲಿಸಬೇಕು, ಶ್ವಾಸನಾಳದ ಕೊಳವೆಯಿಂದ ಆಮ್ಲಜನಕ ತುಂಬಬೇಕು. ಕುದುರೆಯನ್ನು ಬಲಮಗ್ಗುಲಿಗೆ ಮಲಗಿಸಿ, ಮುಂಗಾಲಿನ ಮೊಣಕೈ ಗಂಟಿನ ಹಿಂದೆ, ಎದೆಯ ಮೇಲೆ ಒಬ್ಬರು ಮೊಣಕಾಲೂರಿ ಮೈಯ ಭಾರವನ್ನೆಲ್ಲ ಬೀಳಿಸಬೇಕು, ನಿಮಿಷಕ್ಕೆ 60ರಿಂದ 80 ಸಲ! ಅಂಗೈ ಇಲ್ಲಿ ಏನೂ ಸಾಲದು. ಒಬ್ಬರು ಬೇಗ ದಣಿಯುವುದರಿಂದ ಪಾಳಿ ಬದಲಿಸುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಕೊರಳಿನ ರಕ್ತನಾಳಕ್ಕೆ ಅಡ್ರಿನಲಿನ್ ಕೊಡುತ್ತಾರೆ. ಉಸಿರಿನಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಏರತೊಡಗಿದರೆ ರಕ್ತ ಹರಿಯುತ್ತಿದೆ ಎಂದರ್ಥ. ಮರಿಗಳಲ್ಲಿ ಇದು ಫಲಿಸುವಷ್ಟು ದೊಡ್ಡ ಕುದುರೆಗಳಲ್ಲಿ ಫಲಿಸುವುದಿಲ್ಲ ಎಂಬುದನ್ನೂ ಹುಡುಗರಿಗೆ ಹೇಳಿದೆ.

ಬದುಕಿತೆಂದರೂ ಕೆಲಸ ಮುಗಿಯಲಿಲ್ಲ. ಎಚ್ಚರವಾದೊಡನೆ ಓಡಲು ನೋಡುವುದು ಕುದುರೆಯ ಹುಟ್ಟುಗುಣ. ಕಾಲು ಹಿಡಿತಕ್ಕೆ ಬರುವ ಮೊದಲೇ ಎದ್ದು ಬಿದ್ದು ಮೂಳೆ ಮುರಿದುಕೊಳ್ಳುತ್ತದೆ. ಅದಕ್ಕೇ ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆ, ತಲೆಗೂ ಬಾಲಕ್ಕೂ ಹಗ್ಗ. ಸಾಧ್ಯವಿದ್ದಲ್ಲಿ ಈಗ ಕುದುರೆಯನ್ನು ಮಲಗಿಸದೆ, ನಿಲ್ಲಿಸಿಕೊಂಡೇ, ಆ ಭಾಗವನ್ನಷ್ಟೇ ಮರಗಟ್ಟಿಸಿ ಕತ್ತರಿ ಹಾಕುವುದೂ ಉಂಟು.

ಮಾನವ ವೈದ್ಯಕೀಯದ ಸೀಟನ್ನೇ ಕನಸುವ ಪಾಲಕರು ಗಮನಿಸಬಹುದು: ಪಶುವೈದ್ಯ ಪದವಿಗೆ ಐದೂವರೆ ವರ್ಷ. ಹೆಬ್ಬಾಳ, ಬೀದರ್‌ಗಳಲ್ಲಷ್ಟೇ ಅಲ್ಲ, ನಮಗೆ ಹತ್ತಿರದ ಗದಗದಲ್ಲೂ ಕಾಲೇಜಿದೆ.

ಮರುದಿನ ಅದೇ ಹುಡುಗ ಮತ್ತೆ ಎದ್ದ. "ಸರ್, ಆನಿದು?"