ಕೊಟ್ಟವರಾರು, ಪಡೆದವರಾರು: ‘ಬಾಡಿಗೆ’ಯ ಸ್ಪ್ಯಾನಿಷ್ ಕ್ರಿಯಾರೂಪಗಳು

ಧಾರಾವಿಯ ವಸತಿಯನ್ನು ಅಭ್ಯಸಿಸುವವರು ಲ್ಯಾಟಿನ್ ಅಮೆರಿಕದ ನಗರಗಳನ್ನು ಕುರಿತ ಬರಹಗಳನ್ನೂ ನೋಡಬೇಕಾಗುತ್ತದೆ. ಅದಕ್ಕಾಗಿ ಸ್ಪ್ಯಾನಿಷ್ ಕಲಿಯತೊಡಗಿದ ಕನ್ನಡಿಗನು ಎಡವುವ ಧಾತುಗಳಲ್ಲಿ ‘ಅಲ್ಕಿಲಾರ್’ ಒಂದು. (ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದೆ.) ಬಾಡಿಗೆಗೆ ಕೊಡುವುದು, ಬಾಡಿಗೆಗೆ ಪಡೆಯುವುದು ಎರಡೂ ಅದರ ಅರ್ಥಗಳೇ.

ಕನ್ನಡದಲ್ಲಿ ‘ಬಾಡಿಗೆ’ ಕೇವಲ ನಾಮಪದ; ವ್ಯವಹಾರದ ದಿಕ್ಕನ್ನು ತಿಳಿಸುವುದು ಮುಂದೆ ಬರುವ ‘ಕೊಡು’ ಅಥವಾ ‘ತೆಗೆದುಕೊಳ್ಳು’. ಧಾರಾವಿಯ ಕನ್ನಡಿಗರು ದಿನವೂ ಕೇಳುವ ಮರಾಠಿಯ ‘ಭಾಡ್ಯಾನೆ ದೇಣೆ, ಘೇಣೆ’, ಹಿಂದಿಯ ‘ಕಿರಾಯೆ ಪರ್ ದೇನಾ, ಲೇನಾ’ ಇವೂ ಇದೇ ಅಚ್ಚಿನವು. ಸ್ಪ್ಯಾನಿಷಿನಲ್ಲಾದರೋ ‘ಅಲ್ಕೀಲೊ ಉನ್ ಕ್ವಾರ್ತೊ’ ಎಂದವನು ಕೋಣೆಯ ಒಡೆಯನೋ ಬಾಡಿಗೆದಾರನೋ ವಾಕ್ಯದಿಂದ ತಿಳಿಯದು. ವಿಭಕ್ತಿಯಾದರೂ ನೆರವಾದೀತೆಂದರೆ ಅದೂ ಇಲ್ಲ: ‘ಹ್ವಾನ್ ಲೆ ಅಲ್ಕಿಲೋ ಎಲ್ ಕ್ವಾರ್ತೊ ಅ ಮರೀಯ’ ಎಂಬಲ್ಲಿನ ‘ಅ’ ಪ್ರತ್ಯಯಕ್ಕೆ ‘ಮರೀಯಳಿಗೆ’ ಎಂದೂ ‘ಮರೀಯಳಿಂದ’ ಎಂದೂ ಅರ್ಥವಾದೀತು. ಒತ್ತಿನ ಕಡೆಗೂ ಗಮನವಿರಬೇಕು. ‘ಅಲ್ಕೀಲೊ’ ವರ್ತಮಾನದ ಉತ್ತಮಪುರುಷ. ‘ಅಲ್ಕಿಲೇ’ ಅದರ ಭೂತರೂಪ. ‘ಅಲ್ಕಿಲೋ’ ಎಂದರೆ ಭೂತಕಾಲದ ಪ್ರಥಮಪುರುಷ.

ಕುತೂಹಲದ ಸಂಗತಿಯೆಂದರೆ, ‘ಅಲ್ಕಿಲೇರ್’ ಎಂಬ ನಾಮಪದವೂ ಹಿಂದಿಯ ‘ಕಿರಾಯಾ’ ಪದವೂ ದಾಯಾದಿಗಳು. ಎರಡಕ್ಕೂ ಮೂಲ ಅರಬ್ಬಿಯ ‘ಕಿರಾ’. ಒಂದು ಸ್ಪೇನಿನ ಅರಬ್ಬರ ಮೂಲಕ ಬಂದಿತು, ಇನ್ನೊಂದು ಪಾರಸಿಯ ಮೂಲಕ.

ಈ ಸಂದಿಗ್ಧತೆ ವ್ಯಾಕರಣಕ್ಕಷ್ಟೇ ಸೀಮಿತವಲ್ಲ. ಧಾರಾವಿಯ ಪುನರಭಿವೃದ್ಧಿ ಯೋಜನೆಯಲ್ಲಿ 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿದ್ದ ಅರ್ಹ ನಿವಾಸಿಗೆ ಧಾರಾವಿಯೊಳಗೇ ಉಚಿತ ಮನೆ. ಮೇಲಂತಸ್ತಿನ ನಿವಾಸಿಗೆ ಹೊರಗೆ, ಬಾಡಿಗೆ-ಖರೀದಿ ಪದ್ಧತಿಯಲ್ಲಿ. ಕೆಳಗಿನ ಕುಟುಂಬ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿರುವುದೂ ಉಂಟು. ಇಂಥ ಮನೆಯವರ ಕನ್ನಡ ಸಂದರ್ಶನವನ್ನು ಅನುವಾದಿಸುವಾಗ ಬರಿಯ ‘ಅಲ್ಕೀಲ’ ಎಂದು ಬರೆದರೆ ಕೆಳಗಿನವರಾರು, ಮೇಲಿನವರಾರು ಎಂಬುದೇ ಅಳಿಸಿಹೋಗುತ್ತದೆ.

ಆದುದರಿಂದ ‘ದಾರ್ ಎನ್ ಅಲ್ಕಿಲೇರ್’ (ಬಾಡಿಗೆಗೆ ಕೊಡು), ‘ತೊಮಾರ್ ಎನ್ ಅಲ್ಕಿಲೇರ್’ (ಬಾಡಿಗೆಗೆ ತೆಗೆದುಕೊಳ್ಳು) ಎಂಬ ರೂಪಗಳನ್ನು ಬಳಸುವುದು ಕ್ಷೇಮ. ಕನ್ನಡದ ಜಾಯಮಾನಕ್ಕೂ ಇವು ಹತ್ತಿರ. ವ್ಯಕ್ತಿವಾಚಕಗಳಲ್ಲಿ ತೊಡಕಿಲ್ಲ: ಕೊಡುವವನು ‘ಅರ್ರೆಂದದೋರ್’, ಪಡೆಯುವವನು ‘ಅರ್ರೆಂದತಾರ್ಯೊ’, ಆಡುಮಾತಿನಲ್ಲಿ ಮನೆಯ ಬಾಡಿಗೆದಾರ ‘ಇಂಕಿಲೀನೊ’. ಬಾಗಿಲಿಗೆ ತೂಗುವ ‘ಸೆ ಅಲ್ಕೀಲ’ ಫಲಕದಲ್ಲಿಯೂ ಗೊಂದಲವಿಲ್ಲ, ಅದನ್ನು ತೂಗುಹಾಕುವವನು ಕೊಡುವವನೇ.

ಮುಂಬೈಯ ‘ಪಗಡಿ’ಯನ್ನು ಮಾತ್ರ ‘ಅಲ್ಕಿಲೇರ್’ ಎನ್ನಲಾಗದು. ಒಮ್ಮೆಗೇ ದೊಡ್ಡ ಮೊತ್ತ ತೆತ್ತು, ಅಲ್ಪ ಬಾಡಿಗೆಗೆ ನೆಲೆಸಿ, ಮುಂದೆ ಆ ಹಕ್ಕನ್ನೇ ಮಾರುವ ಈ ಪದ್ಧತಿಗೆ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯು ಮಾನ್ಯತೆ ನೀಡಿತು. ಪದವನ್ನು ಹಾಗೆಯೇ ಉಳಿಸಿಕೊಂಡು ವಿವರಣೆ ಕೊಡುವುದು ಲೇಸು.