ಡುಶೆನ್ ಸ್ನಾಯುಕ್ಷಯ ಮತ್ತು ಮೆದುಳು

ಡುಶೆನ್ ಸ್ನಾಯುಕ್ಷಯವು ಮುಖ್ಯವಾಗಿ ಗಂಡುಮಕ್ಕಳಲ್ಲಿ ಕಂಡುಬರುವ ಆನುವಂಶಿಕ ನರಸ್ನಾಯು ರೋಗ. ಎಕ್ಸ್ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ದೋಷದಿಂದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಉತ್ಪತ್ತಿಯಾಗದೆ ಸ್ನಾಯುಗಳು ಕ್ರಮೇಣ ನಶಿಸುತ್ತವೆ. ಈ ಪ್ರೋಟೀನು ಮೆದುಳಿನಲ್ಲಿಯೂ ಕೆಲಸ ಮಾಡುವುದರಿಂದ ಹಲವು ಮಕ್ಕಳಲ್ಲಿ ಕಲಿಕೆ, ನೆನಪು ಮತ್ತು ವರ್ತನೆಯ ತೊಂದರೆಗಳೂ ಕಾಣಿಸುತ್ತವೆ.

ಇತಿಹಾಸ

ಫ್ರಾನ್ಸಿನ ವೈದ್ಯ ಗಿಯೋಮ್ ಡುಶೆನ್ 1860ರ ದಶಕದಲ್ಲಿ ಈ ರೋಗವನ್ನು ವಿವರಿಸಿದಾಗಲೇ ಕೆಲವು ಬಾಲಕರಲ್ಲಿ ಬೌದ್ಧಿಕ ನ್ಯೂನತೆಯನ್ನು ಗುರುತಿಸಿದ್ದರು. ದೈಹಿಕ ದೌರ್ಬಲ್ಯ ಮತ್ತು ಶಾಲೆಗೆ ಹೋಗಲಾಗದಿರುವುದೇ ಇದಕ್ಕೆ ಕಾರಣವೆಂಬ ವಾದವೂ ಇತ್ತು. ಆದರೆ ಬೆನ್ನುಹುರಿಯ ನರಕೋಶಗಳು ನಶಿಸುವ ಮತ್ತೊಂದು ರೋಗದಿಂದ ಅಷ್ಟೇ ದುರ್ಬಲರಾದ ಮಕ್ಕಳಲ್ಲಿ ಇಂತಹ ನ್ಯೂನತೆ ಕಂಡುಬರಲಿಲ್ಲ. 1987ರಲ್ಲಿ ಅಮೆರಿಕದ ಎರಿಕ್ ಹಾಫ್‌ಮನ್, ಲೂಯಿಸ್ ಕಂಕೆಲ್ ಮತ್ತು ಸಹೋದ್ಯೋಗಿಗಳು ಡಿಸ್ಟ್ರೋಫಿನ್ ಅನ್ನು ಗುರುತಿಸಿದರು. ಅದು ಮೆದುಳಿನ ನರಕೋಶಗಳಲ್ಲಿಯೂ ಇದೆಯೆಂಬುದು ಅನಂತರ ದೃಢಪಟ್ಟಿತು.

ಕಾರಣ

ಒಂದೇ ವಂಶವಾಹಿಯಿಂದ ಡಿಸ್ಟ್ರೋಫಿನ್‌ನ ಹಲವು ರೂಪಗಳು ಉತ್ಪತ್ತಿಯಾಗುತ್ತವೆ. ಡಿಪಿ427 ಎಂಬ ಪೂರ್ಣ ರೂಪವು ಮೆದುಳಿನ ಹೊರಪದರ, ಹಿಪೊಕ್ಯಾಂಪಸ್ ಹಾಗೂ ಕಿರುಮೆದುಳಿನ ನರಕೋಶಗಳಲ್ಲಿದ್ದು, ಸಂಕೇತಗಳನ್ನು ತಗ್ಗಿಸುವ ನರಸಂಧಿಗಳ ವ್ಯವಸ್ಥೆಗೆ ನೆರವಾಗುತ್ತದೆ. ಚಿಕ್ಕ ರೂಪಗಳಲ್ಲಿ ಡಿಪಿ140 ಭ್ರೂಣದ ಮೆದುಳಿನಲ್ಲಿ ಹೆಚ್ಚಾಗಿಯೂ ಡಿಪಿ71 ವಯಸ್ಕರ ಮೆದುಳಿನಲ್ಲಿ ಹೇರಳವಾಗಿಯೂ ಇರುತ್ತದೆ. ವಂಶವಾಹಿಯ ಕೊನೆಯ ಭಾಗದಲ್ಲಿ ದೋಷವಿದ್ದರೆ ಈ ಎಲ್ಲ ರೂಪಗಳಿಗೂ ಹಾನಿಯಾಗುವುದರಿಂದ ಬೌದ್ಧಿಕ ನ್ಯೂನತೆಯ ಸಾಧ್ಯತೆ ಹೆಚ್ಚು.

ಲಕ್ಷಣಗಳು

ಈ ಮಕ್ಕಳ ಸರಾಸರಿ ಐಕ್ಯೂ ಸಾಮಾನ್ಯ ಸರಾಸರಿಯಾದ 100ಕ್ಕಿಂತ ಸುಮಾರು 15 ಅಂಕಗಳಷ್ಟು ಕಡಿಮೆ. ಆದರೂ ಸಾಮಾನ್ಯ ಅಥವಾ ಉತ್ತಮ ಬುದ್ಧಿಶಕ್ತಿಯುಳ್ಳವರು ಇವರಲ್ಲಿ ಅನೇಕರಿದ್ದಾರೆ. ಕೇಳಿದ್ದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಅನೇಕರಿಗೆ ಕಷ್ಟ. ಓದಿನ ತೊಂದರೆ, ಗಮನದ ಕೊರತೆ ಮತ್ತು ಆಟಿಸಂ ಸಹ ಇತರ ಮಕ್ಕಳಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಸ್ನಾಯುಗಳ ದೌರ್ಬಲ್ಯವು ವರ್ಷದಿಂದ ವರ್ಷಕ್ಕೆ ಹೆಚ್ಚುವಂತೆ ಬೌದ್ಧಿಕ ನ್ಯೂನತೆಯು ಹೆಚ್ಚುವುದಿಲ್ಲ.

ಸಂಶೋಧನೆ

ವಂಶವಾಹಿಯ ದೋಷವಿರುವ ಭಾಗವನ್ನು ದಾಟಿಸಿ ಪ್ರೋಟೀನು ತಯಾರಾಗುವಂತೆ ಮಾಡುವ ಔಷಧಗಳು ರಕ್ತದಿಂದ ಮೆದುಳಿಗೆ ಸುಲಭವಾಗಿ ತಲುಪುವುದಿಲ್ಲ. ಡಿಸ್ಟ್ರೋಫಿನ್ ಇಲ್ಲದ ಇಲಿಗಳ ಮೆದುಳಿಗೆ ಇಂತಹ ಔಷಧವನ್ನು ನೇರವಾಗಿ ನೀಡಿದಾಗ ಅವುಗಳ ಅತಿಯಾದ ಭಯದ ಪ್ರತಿಕ್ರಿಯೆ ತಗ್ಗಿತು. ಬೆಳೆದ ಮೆದುಳಿನಲ್ಲಿಯೂ ಕೆಲಮಟ್ಟಿನ ಸುಧಾರಣೆ ಸಾಧ್ಯವೆಂಬುದನ್ನು ಇದು ಸೂಚಿಸುತ್ತದೆ.

ಮಹತ್ವ

ನಡಿಗೆಯ ತೊಂದರೆ ಗಮನಕ್ಕೆ ಬರುವ ಮೊದಲೇ ಕೆಲವು ಮಕ್ಕಳು ತಡವಾಗಿ ಮಾತು ಕಲಿಯುತ್ತಾರೆ. ಆದ್ದರಿಂದ ಮಾತು ಮತ್ತು ನಡಿಗೆ ಎರಡೂ ತಡವಾದ ಬಾಲಕರಲ್ಲಿ ರಕ್ತದ ಕ್ರಿಯಾಟಿನ್ ಕೈನೇಸ್ ಪರೀಕ್ಷೆಯು ರೋಗವನ್ನು ಬೇಗ ಗುರುತಿಸಲು ನೆರವಾಗುತ್ತದೆ. ಕಲಿಕೆಯ ತೊಂದರೆಯು ಸೋಮಾರಿತನವಲ್ಲ, ರೋಗದ್ದೇ ಭಾಗವೆಂದು ಶಿಕ್ಷಕರು ತಿಳಿದಿದ್ದರೆ ಸೂಚನೆಗಳನ್ನು ಚಿಕ್ಕದಾಗಿ, ಒಂದೊಂದಾಗಿ ನೀಡಿ ಮಗುವಿಗೆ ನೆರವಾಗಬಹುದು.