ಗರಗಸದಿಂದ ಶುರುವಾದ ಅಕ್ಷರ

ಶಿರಸಿ ತಾಲ್ಲೂಕಿನ ದಾಸನಕೊಪ್ಪದಲ್ಲಿ ಪರಿಚಯದವರ ಮನೆ ಜಗಲಿಯ ಮೇಲೆ ಕುಳಿತಿದ್ದೆ. ಒಂದನೇ ಕ್ಲಾಸಿನ ಹುಡುಗಿ ಪಾಟಿಯ ಮೇಲೆ ಬಳಪ ಒತ್ತಿ ಬರೆಯುತ್ತಿದ್ದಳು: ರ, ಗ, ಸ, ದ, ಅ.

‘ಅ ಮೊದಲು ಬರಿಬೇಕಲ್ಲೇನೇ?’ ಅಂದರು ಅಜ್ಜ.

‘ಇಲ್ಲ ಅಜ್ಜಾ, ನಮ್ಮ ಟೀಚರ್ ಹಿಂಗೇ ಹೇಳಿಕೊಟ್ಟಾರೆ.’ ಅಷ್ಟು ಹೇಳಿ ಕೆಳಗೆ ಬರೆದಳು: ಗರಗಸ.

ಆ ಪದ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವ ಈ ಐದಕ್ಷರಗಳಲ್ಲಿ ಸರ ಇದೆ, ಅರಸ ಇದ್ದಾನೆ, ಅಗಸ ಇದ್ದಾನೆ, ದಸರ ಇದೆ. ರ ಉಂಡೆ, ಗ ಕಮಾನು, ಎರಡಕ್ಕೂ ಒಂದೇ ತಲೆಕಟ್ಟು. ಎಳೆಯ ಕೈಗೆ ಸುಲಭ. ಅ ಆ ಇ ಈ ಉ ಕಲಿತ ಮಗು ‘ಆ’, ‘ಈ’ ಬಿಟ್ಟರೆ ಓದಲು ಪದವಿಲ್ಲದೆ ವಾರಗಟ್ಟಲೆ ಕಾಯಬೇಕು.

ಹಾಗೆಂದು ಅಜ್ಜನದು ತಪ್ಪಲ್ಲ. ಕ ಚ ಟ ತ ಪ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ದನಿ ಗಂಟಲಲ್ಲಿ ಹುಟ್ಟಿ, ಅಂಗುಳು, ಹಲ್ಲು ದಾಟಿ ತುಟಿಗೆ ಬರುತ್ತದೆ. ವಿದ್ಯೆಯೆಂದರೆ ಮೊದಲು ಶಬ್ದ ಎಂದು ನಂಬಿದವರು ಕಟ್ಟಿದ ಸಾಲು ಅದು. ಉಚ್ಚಾರಣೆಯ ವೇದಾಂಗಕ್ಕೆ ‘ಶಿಕ್ಷಾ’ ಎಂದೇ ಹೆಸರು. ವೇದಪಾಠದಲ್ಲಿ ಇಂದಿಗೂ ಗುರು ಹೇಳಿದ್ದನ್ನು ಶಿಷ್ಯರು ಕೇಳಿ ಮತ್ತೆ ಮತ್ತೆ ಹೇಳುತ್ತಾರೆ. ಅಲ್ಲಿ ಕಿವಿ ಮತ್ತು ಬಾಯಿ ಮುಂದು. ಹುಡುಗಿಯ ಪಾಟಿಯಲ್ಲಿ ಕಣ್ಣು ಮತ್ತು ಕೈ ಮುಂದು. ಅಕ್ಷರದ ಸಾಲು ಬದಲಾದದ್ದು ದರ್ಶನ ಬದಲಾದದ್ದರಿಂದ.

ನಲಿ-ಕಲಿಯ ಕಥೆ ಬಹಳ ಮಂದಿಗೆ ಗೊತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, ಅಲ್ಲಿನ ಶಿಕ್ಷಕರು ಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದರು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಹೋಲಿಕೆ ಭಯ ಹುಟ್ಟಿಸುತ್ತದೆ, ಭಯವಿದ್ದಲ್ಲಿ ಕಲಿಕೆ ಇಲ್ಲ ಎಂಬುದು ಕೃಷ್ಣಮೂರ್ತಿಯವರ ವಿಚಾರ. ತರಗತಿಯಲ್ಲಿ ಅದು ‘ಕಲಿಕಾ ಏಣಿ’ಯಾಯಿತು: ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮಕ್ಕಳು ಕೂರುವ ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಮೊದಲ ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ಸಹಾಯ, ಕೊನೆಯದರಲ್ಲಿ ಸ್ವಯಂ ಕಲಿಕೆ.

ನನ್ನ ಅನುಮಾನವೂ ಇಲ್ಲೇ ಇದೆ. ಕಲಿಕಾ ಕಾರ್ಡು, ಏಣಿ ಶಾಲೆಗೆ ಬಂದ ಮಾತ್ರಕ್ಕೆ ವಿಚಾರ ಬಂದಂತಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಂಡು ದಾಖಲೆಯನ್ನೂ ಬರೆಯಬೇಕಾದ ಕಡೆ ಏಣಿ ಗೋಡೆಯ ಚಿತ್ರವಾಗಿಬಿಡುತ್ತದೆ. ಮನೆಯಲ್ಲಿ ‘ಪಕ್ಕದ ಮನೆಯವಳು ಎಷ್ಟನೇ ಮೆಟ್ಟಿಲು?’ ಎಂದು ಕೇಳಿದರೆ ಹೋಲಿಕೆ ಹಿತ್ತಲ ಬಾಗಿಲಿನಿಂದ ಮರಳಿ ಬರುತ್ತದೆ.

ಹೊರಡುವ ಮುಂಚೆ ಊರಿನ ಹೆಸರು ಬರೆಯೆಂದೆ. ದ ಬರೆದಳು, ಸ ಬರೆದಳು, ನಿಂತಳು. ನ, ದೀರ್ಘ, ಒತ್ತಕ್ಷರ ಇನ್ನೂ ಬಂದಿಲ್ಲ. ನಿಮ್ಮ ಮನೆಯ ಮಗುವೂ ರ ಗ ಸ ದ ಎಂದರೆ ತಿದ್ದಲು ಹೋಗಬೇಡಿ. ಪಕ್ಕದಲ್ಲಿ ಕುಳಿತು, ಅವುಗಳಿಂದ ಒಂದು ಪದ ಕಟ್ಟಿಸಿ.